ಒಂದೇ ಗುಂಡಿಯ ಮಾಂತ್ರಿಕ

ಅಕ್ಕೋಳದ ಮನೆಯಲ್ಲಿ ಅಜ್ಜಿ ಬೀಡಿ ಕಟ್ಟುವಾಗ ಎಲೆಯನ್ನು ನೋಡುತ್ತಲೇ ಇರಲಿಲ್ಲ; ಮಾತು ನಮ್ಮೊಂದಿಗೆ, ಲೆಕ್ಕ ಬೆರಳಿಗೆ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ಮಾಂತ್ರಿಕನಾಗಿ ಆಡಿದವರಿಗೆ ಈ ಬೆರಳ ನೆನಪು ಗೊತ್ತು. ಯಾವ ಮಂತ್ರದ ಬೆನ್ನಿಗೆ ಯಾವುದು ಎಂಬುದು ನನ್ನ ಕೈಗೆ ಹತ್ತಲು ತಿಂಗಳುಗಳೇ ಹಿಡಿದವು.

2025ರ ಜೂನ್‌ನಲ್ಲಿ ಬ್ಲಿಝಾರ್ಡ್ ಆ ಸರಣಿಯನ್ನು ಒಂದೇ ಗುಂಡಿಗೆ ಇಳಿಸಿತು. ಒತ್ತುತ್ತಾ ಹೋದರಾಯಿತು, ಮಂತ್ರವನ್ನು ಆಟವೇ ಆರಿಸುತ್ತದೆ. ಬದಲಿಗೆ ಹೊಡೆತ ಹೊಡೆತದ ನಡುವೆ ಚೂರು ತಡ. (2012ರಲ್ಲಿ ಕೌಶಲಗಳ ಮರವನ್ನು ಕಿತ್ತು, 2022ರಲ್ಲಿ ಮತ್ತೆ ನೆಟ್ಟವರೂ ಇವರೇ.) ಪಂಪಭಾರತವನ್ನು ಗದ್ಯಾನುವಾದದಲ್ಲಷ್ಟೇ ಓದಿ 'ಪಂಪ ಗೊತ್ತು' ಎನ್ನುವವರ ಮೇಲೆ ಬರುವಂಥ ಸಿಟ್ಟು ನನಗೆ ಬಂತು. ನಾನೂ ಪಂಪನನ್ನು ಹೊಕ್ಕಿದ್ದು ಗದ್ಯಾನುವಾದದಿಂದಲೇ, ಅದು ಬೇರೆ ಮಾತು.

ಈಗ ಆ ತಡವೇ ನ್ಯಾಯವೆನಿಸುತ್ತದೆ: ಕಲಿತವನ ಕೈಗೆ ಬೆಲೆ ಉಳಿಯಿತು, ಹೊಸಬನಿಗೆ ಬಾಗಿಲೂ ತೆರೆಯಿತು. ನನ್ನ ತಕರಾರು, ಆ ಗುಂಡಿ ತಾನು ಈ ಮಂತ್ರವನ್ನೇ ಏಕೆ ಆರಿಸಿದೆನೆಂದು ಹೇಳುವುದಿಲ್ಲ. ಜೊತೆಗೇ ಬಂದ ಇನ್ನೊಂದು ಸೌಲಭ್ಯ ಮುಂದಿನ ಮಂತ್ರವನ್ನು ಬೆಳಗಿಸಿ ತೋರಿಸುತ್ತದಷ್ಟೇ. ಒತ್ತುವುದು ನಮ್ಮ ಪಾಲಿಗೆ. ಕಲಿಯುವವರಿಗೆ ಅದೇ ವಾಸಿ.

ಸಂಧಿವಾತಕ್ಕೆ ಬೆರಳು ಸೊಟ್ಟಗಾದ ನನ್ನ ಮಾವ ಮಾತ್ರ ಒಂದೇ ಗುಂಡಿಯಲ್ಲಿ ಆಡುತ್ತಾನೆ. ಕಳೆದ ವಾರ ಇಬ್ಬರೂ ಒಂದೇ ಗವಿ ಹೊಕ್ಕೆವು. ಮೊದಲು ಸತ್ತದ್ದು ಅವನಲ್ಲ.