ಹರಟೆಗೊಂದು ಹೊಸ ಜಗಲಿ

ನಾಲ್ವರು ಗೆಳೆಯರು ಕಂಪ್ಯೂಟರ್ ಆಟಗಳ ಬಗ್ಗೆ ನಗುನಗುತ್ತ ಹರಟುವ ಪಾಡ್‌ಕಾಸ್ಟನ್ನು ಬರಿಯ ಕಾಲಹರಣವೆಂದು ತಳ್ಳಿಹಾಕುವುದು ಸುಲಭ. ಆದರೆ ಹರಟೆ ನಮಗೆ ಹೊಸದಲ್ಲ. ರಾಶಿಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಕಾಲು ಶತಮಾನ ಕನ್ನಡಿಗರನ್ನು ನಗಿಸಿತು. ಈಚೆಗೆ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಗೆಳೆಯರ 'ತಲೆ-ಹರಟೆ' ಪಾಡ್‌ಕಾಸ್ಟ್, ಗಂಭೀರ ವಿಷಯಗಳೂ ಆಡುಮಾತಿನ ಕನ್ನಡಕ್ಕೆ ಒಗ್ಗುತ್ತವೆಂದು ತೋರಿಸಿಕೊಟ್ಟಿದೆ.

ಆಟದ ಹರಟೆಗಳ ದೊಡ್ಡ ದೋಷವೆಂದರೆ ಹೇಳುವ ಮೊದಲೇ ನಗುವುದು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಆ ಆಟವನ್ನು ಆಡದ ಕೇಳುಗನಿಗೆ ಗುರುತಿಲ್ಲದವರ ಮದುವೆಯಲ್ಲಿ ಕುಳಿತ ಅನುಭವ! ಗೆದ್ದ ಕಥೆಗಿಂತ ಸೋತ ಕಥೆಯೇ ರುಚಿ. ಆನ್‌ಲೈನ್ ಆಟವನ್ನು ನಡುವೆ ನಿಲ್ಲಿಸುವಂತಿಲ್ಲ, ಅಮ್ಮ ಊಟಕ್ಕೆ ಕರೆಯುವುದನ್ನೂ ನಿಲ್ಲಿಸುವಂತಿಲ್ಲ. ಈ ಸಂಕಟ ಯಾರಿಗೆ ಅರ್ಥವಾಗದು? ಲ್ಯಾಮಿಂಗ್ಟನ್ ರಸ್ತೆಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಚೌಕಾಶಿ ಮಾಡಿದ ಕಥೆ ಆಟವಾಡದವನನ್ನೂ ನಗಿಸೀತು.

ಇನ್ನು ಭಾಷೆ. 'ಲ್ಯಾಗ್ ಆಯ್ತು' ಎಂದರೆ ನಾವು ಮುನಿಯಬೇಕಿಲ್ಲ, ಕ್ರಿಯಾಪದ ಕನ್ನಡದ್ದೇ. ಆದರೆ ಚೌಕಾಬಾರದಲ್ಲಿ ಕಾಯಿ ಕಡಿಯುವ, ಹಣ್ಣಾಗುವ ನುಡಿಗಟ್ಟು ನಮ್ಮಲ್ಲಿದೆ. ಅದನ್ನು ಹೊಸ ಆಟಗಳಿಗೆ ಹೊಂದಿಸಿದರೆ ನಗೆಯೂ ಹೆಚ್ಚು, ಅರ್ಥವೂ ಹೆಚ್ಚು.

ಸಾಂತಾಕ್ರೂಜಿನ ನಮ್ಮ ಮಕ್ಕಳಲ್ಲಿ ಹಲವರಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ಮರಾಠಿ. ಕನ್ನಡ ಉಳಿದಿರುವುದು ಹಿರಿಯರ ಬುದ್ಧಿಮಾತಿನಲ್ಲಿ ಮಾತ್ರ. ಬುದ್ಧಿಮಾತಿಗಷ್ಟೇ ಬಳಕೆಯಾಗುವ ಭಾಷೆಯನ್ನು ಯಾವ ಮಗು ಪ್ರೀತಿಸೀತು? ಉತ್ಸವ, ಭಾಷಣಗಳಿಗೆ ವೇದಿಕೆ ಕಟ್ಟುವ ನಾವು, ಮಕ್ಕಳು ಕನ್ನಡದಲ್ಲಿ ಹರಟಲೆಂದು ಒಂದು ಮೈಕನ್ನೂ ಇಡೋಣ. ಹಿರಿಯರು ಸುಮ್ಮನೆ ಕೇಳಿದರೆ ಸಾಕು.