ಕಲಾವಿದರ ಚರಿತೆಗಳೂ ಕೃತಿವಿಮರ್ಶೆಯೂ

ಕನ್ನಡದಲ್ಲಿ ‘ಚರಿತೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಬ್ಬನ ನಡತೆಯೂ ಚರಿತೆಯೇ. ಆ ನಡತೆಯನ್ನು ಕುರಿತು ಇನ್ನೊಬ್ಬನು ಬರೆದ ವೃತ್ತಾಂತವೂ ಚರಿತೆಯೇ. ಒಂದೇ ಶಬ್ದ ಎರಡನ್ನೂ ಹೊತ್ತಿರುವುದರಿಂದ ವೃತ್ತಾಂತವನ್ನೇ ನಡತೆಯೆಂದು ಭ್ರಮಿಸುವುದು ಸುಲಭ. ಯೂರೋಪಿನ ಚಿತ್ರಕಾರರ ಮತ್ತು ಸಂಗೀತರಚನಕಾರರ ವಿಷಯದಲ್ಲಿ ಇಂಥ ಭ್ರಮೆ ನಾಲ್ಕು ಶತಮಾನಗಳಿಗೂ ಮೇಲ್ಪಟ್ಟು ನಡೆದುಬಂದಿದೆ. ಪಾಶ್ಚಾತ್ಯ ಕಲೆಯನ್ನು ಪರಿಚಯಮಾಡಿಕೊಡುವ ಗ್ರಂಥಗಳಲ್ಲಿಯೂ ತರಗತಿಗಳಲ್ಲಿಯೂ ಮೊದಲು ಬರುವುದು ಕಲಾವಿದನ ಬಾಳಿನ ಕಥೆ. ಕೃತಿ ಬರುವುದು ಅನಂತರ, ಆ ಕಥೆಗೆ ಸಾಕ್ಷಿಯಾಗಿ. ಈ ಕ್ರಮದಿಂದ ಕೃತಿಗೆ ಆಗುವ ಅನ್ಯಾಯವೇನು, ಕೆಲವೊಮ್ಮೆ ಕಲಾವಿದನಿಗೇ ಆಗುವ ಅನ್ಯಾಯವೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡಬಯಸುತ್ತೇವೆ.

ಈ ಬಗೆಯ ಚರಿತೆಗಳಿಗೆ ಮೇಲ್ಪಂಕ್ತಿಯಾದುದು ಜಾರ್ಜೊ ವಸಾರಿಯ ಗ್ರಂಥ. ಸ್ವತಃ ಚಿತ್ರಕಾರನೂ ವಾಸ್ತುಶಿಲ್ಪಿಯೂ ಆಗಿದ್ದ ಆತನ ‘ಚರಿತೆಗಳು’ ಫ್ಲಾರೆನ್ಸಿನಲ್ಲಿ 1550ರಲ್ಲಿ ಅಚ್ಚಾಯಿತು. ಬಹಳವಾಗಿ ಹಿಗ್ಗಿದ ಎರಡನೆಯ ಆವೃತ್ತಿ 1568ರಲ್ಲಿ ಹೊರಬಿದ್ದಿತು. ಅದರ ಉಪಕಾರ ಸಾಮಾನ್ಯವಾದುದಲ್ಲ. ಅದುವರೆಗೆ ಚಿತ್ರಕಾರನು ಬಹುಮಟ್ಟಿಗೆ ಒಬ್ಬ ಕಸಬುದಾರ. ಫ್ಲಾರೆನ್ಸಿನಲ್ಲಿ ಚಿತ್ರಕಾರರು ವೈದ್ಯರೂ ಔಷಧವ್ಯಾಪಾರಿಗಳೂ ಇದ್ದ ಶ್ರೇಣಿಗೆ ಸೇರಿದವರಾಗಿದ್ದರು. ಅರಸರಿಗೂ ಸಂತರಿಗೂ ಮಾತ್ರ ಮೀಸಲಾಗಿದ್ದ ಚರಿತೆಯೆಂಬ ಗೌರವವನ್ನು ಕುಂಚ ಹಿಡಿದವರಿಗೂ ಉಳಿ ಹಿಡಿದವರಿಗೂ ಸಾಲುಸಾಲಾಗಿ ಸಲ್ಲಿಸಿದವನು ವಸಾರಿ. 1563ರಲ್ಲಿ ಫ್ಲಾರೆನ್ಸಿನಲ್ಲಿ ಕಲಾವಿದರ ಅಕಾಡೆಮಿ ಸ್ಥಾಪಿತವಾದುದರಲ್ಲಿಯೂ ಆತನ ಕೈಯಿತ್ತು. ಅವನ ಗ್ರಂಥವಿಲ್ಲದಿದ್ದರೆ ಎಷ್ಟೋ ಕೃತಿಗಳ ಕರ್ತೃಗಳು ಇಂದು ನಮಗೆ ತಿಳಿಯುತ್ತಿರಲಿಲ್ಲ. ಈ ಋಣವನ್ನು ಒಪ್ಪಿಕೊಂಡೇ ಮುಂದಿನ ಮಾತನ್ನು ಆಡಬೇಕು.

ಗೌರವವನ್ನು ಕೊಡುವುದಕ್ಕೆ ವಸಾರಿ ಬಳಸಿದ ಸಾಧನ ಕಥೆ. ಆ ಕಥೆಗಳು ಒಂದೆರಡು ಅಚ್ಚುಗಳಲ್ಲಿ ಎರಕಹೊಯ್ದವು. ಕುರಿ ಕಾಯುತ್ತಿದ್ದ ಹುಡುಗ ಜ್ಯೊತ್ತೊ ಕಲ್ಲಿನ ಮೇಲೆ ಕುರಿಯ ಚಿತ್ರವನ್ನು ಗೀಚುತ್ತಿದ್ದನು. ಆ ದಾರಿಯಲ್ಲಿ ಬಂದ ಚಿಮಬೂಯೆ ಬೆರಗಾಗಿ ಅವನನ್ನು ಶಿಷ್ಯನನ್ನಾಗಿ ಕರೆದೊಯ್ದನು. ಈ ಕಥೆ ಎಲ್ಲರಿಗೂ ಪರಿಚಿತವಾದದ್ದೇ. ಆದರೆ ಬೆಕ್ಕಾಫೂಮಿಯ ಚರಿತೆಯನ್ನು ತೆರೆದರೆ ಅಲ್ಲಿಯೂ ಕುರಿ ಕಾಯುವ ಹುಡುಗ, ಅಲ್ಲಿಯೂ ಗೀಚುವ ಕೈ, ಅಲ್ಲಿಯೂ ಅಕಸ್ಮಾತ್ತಾಗಿ ಬರುವ ಪೋಷಕ. ಆಂದ್ರೆಯಾ ದೆಲ್ ಕಸ್ತಾನ್ಯೊನ ಚರಿತೆಯಲ್ಲಿಯೂ ಇದೇ ಪ್ರಸಂಗ. ಇಂಥ ಕಥಾಮಾದರಿಗಳನ್ನು ಪುರಾತನ ಗ್ರೀಸಿನಿಂದ ಹಿಡಿದು ಗುರುತಿಸಿ ತೋರಿಸಿದವರು ವಿಯೆನ್ನದ ವಿದ್ವಾಂಸರಾದ ಎರ್ನ್ಸ್ಟ್ ಕ್ರಿಸ್ ಮತ್ತು ಆಟೊ ಕುರ್ಟ್ಸ್. ಅವರ ಗ್ರಂಥ 1934ರಲ್ಲಿ ಪ್ರಕಟವಾಯಿತು. ಹಲವರ ಬಾಳಿನಲ್ಲಿ ಒಂದೇ ಘಟನೆ ಮರಳಿ ಮರಳಿ ಬಂದರೆ, ಅದು ಬಾಳಿನಿಂದ ಬಂದುದಲ್ಲ, ಬರೆಯುವವರ ರೂಢಿಯಿಂದ ಬಂದುದೆಂದು ತಿಳಿಯಬೇಕಾಗುತ್ತದೆ. ಕಲಾಶಕ್ತಿ ಹುಟ್ಟಿನಿಂದ ಬರುವ ವರವೆಂದು ಆ ಯುಗ ನಂಬಬಯಸಿತ್ತು. ಕುರಿಗಾಹಿಯ ಕಥೆ ಆ ನಂಬಿಕೆಗೆ ಉಡಿಸಿದ ಉಡುಪು.

ಇಷ್ಟಕ್ಕೆ ನಿಂತಿದ್ದರೆ ಯಾರಿಗೂ ಹಾನಿಯಿರಲಿಲ್ಲ. ಆದರೆ ಕಸ್ತಾನ್ಯೊನ ಚರಿತೆ ಬೇರೊಂದು ಹಾದಿ ಹಿಡಿಯುತ್ತದೆ. ಡೊಮೆನಿಕೊ ವೆನೆತ್ಸಿಯಾನೊ ಎಂಬ ಚಿತ್ರಕಾರನಿಗೆ ತೈಲವರ್ಣದ ಗುಟ್ಟು ತಿಳಿದಿತ್ತಂತೆ. ಕಸ್ತಾನ್ಯೊ ಸ್ನೇಹವನ್ನು ನಟಿಸಿ ಅದನ್ನು ಕಲಿತುಕೊಂಡನಂತೆ. ಬಳಿಕ ಹೊಟ್ಟೆಕಿಚ್ಚು ತಾಳಲಾರದೆ ಒಂದು ರಾತ್ರಿ ಹೊಂಚುಹಾಕಿ, ಸೀಸದಿಂದ ಹೊಡೆದು ಆತನನ್ನು ಕೊಂದನಂತೆ. ಸಾಯುವಾಗ ತಾನೇ ಒಪ್ಪಿಕೊಂಡನಂತೆ. ಈ ವದಂತಿ ವಸಾರಿಯ ಸೃಷ್ಟಿಯಲ್ಲ; ಅವನಿಗಿಂತ ಹಿಂದಿನ ಫ್ಲಾರೆನ್ಸಿನ ಟಿಪ್ಪಣಿಗಳಲ್ಲಿಯೇ ಇತ್ತು. ಆದರೆ ಅದಕ್ಕೆ ಮೈಕೈ ತುಂಬಿ ಲೋಕಕ್ಕೆಲ್ಲ ಹರಡಿದವನು ಅವನೇ. ಮೂರು ಶತಮಾನಗಳ ಕಾಲ ಕಸ್ತಾನ್ಯೊ ಕೊಲೆಗಡುಕನಾಗಿಯೇ ಉಳಿದನು. 19ನೆಯ ಶತಮಾನದಲ್ಲಿ ಗೇಟಾನೊ ಮಿಲನೇಸಿ ಫ್ಲಾರೆನ್ಸಿನ ದಾಖಲೆಗಳನ್ನು ಶೋಧಿಸಿದಾಗ ಸತ್ಯ ಹೊರಬಿದ್ದಿತು. ಕಸ್ತಾನ್ಯೊ ತೀರಿಕೊಂಡದ್ದು 1457ರಲ್ಲಿ, ಪ್ಲೇಗಿನಿಂದ. ಕೊಲೆಯಾದವನೆಂಬ ಡೊಮೆನಿಕೊ ತೀರಿಕೊಂಡದ್ದು 1461ರಲ್ಲಿ. ತನಗಿಂತ ನಾಲ್ಕು ವರ್ಷ ಹೆಚ್ಚಾಗಿ ಬದುಕಿದವನನ್ನು ಕೊಂದ ಪಾಪ ಆತನ ತಲೆಗೆ ಕಟ್ಟಿದ್ದಾಯಿತು. ಮೇಲಾಗಿ 1478ರ ಪಾಟ್ಸಿ ಪಿತೂರಿಗಾರರು ನೇಣುಬಿದ್ದ ದೃಶ್ಯವನ್ನು ಕಸ್ತಾನ್ಯೊ ಗೋಡೆಯ ಮೇಲೆ ಬರೆದನೆಂದೂ ವಸಾರಿ ಹೇಳುತ್ತಾನೆ. ಆ ಹೊತ್ತಿಗೆ ಕಸ್ತಾನ್ಯೊ ಸತ್ತು ಇಪ್ಪತ್ತೊಂದು ವರ್ಷಗಳಾಗಿದ್ದುವು. ಆತ ಅಂಥ ಚಿತ್ರ ಬರೆದದ್ದು 1440ರಲ್ಲಿ, ಬೇರೆ ದ್ರೋಹಿಗಳದು.

ದಾಖಲೆಯಿಂದ ಕಥೆ ಬಿದ್ದಿತು, ಕಲಾವಿದನಿಗೆ ನ್ಯಾಯ ದೊರೆಯಿತು ಎಂದು ನಾವು ಸಮಾಧಾನಪಡಬಹುದು. ಆದರೆ ಆ ಕಥೆ ಅಷ್ಟು ಕಾಲ ನಿಂತದ್ದು ಏಕೆ? ಕಸ್ತಾನ್ಯೊನ ಚಿತ್ರಗಳಲ್ಲಿ ಗಡಸಾದ ರೇಖೆಯಿದೆ, ಒರಟಾದ ಮುಖಗಳಿವೆ. ಒರಟು ಚಿತ್ರ ಬರೆದವನು ಒರಟನಾಗಿದ್ದಿರಬೇಕೆಂಬ ಊಹೆ ಕಥೆಗೆ ಬಲ ಕೊಟ್ಟಿತು. ಕಥೆ ತಿರುಗಿ ಊಹೆಗೆ ಬಲ ಕೊಟ್ಟಿತು. ನಮ್ಮ ತರ್ಕಶಾಸ್ತ್ರದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸಬೇಕಾದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿ ಮೊದಲು ಸಿದ್ಧವಾಗಿರಬೇಕು. ಬಾಳಿನಂತೆ ಕೃತಿ, ಕೃತಿಯಂತೆ ಬಾಳು ಎಂಬ ವ್ಯಾಪ್ತಿಯನ್ನು ಯಾರೂ ಸಾಧಿಸಿಲ್ಲ. ಎಲ್ಲರೂ ಗೃಹೀತ ಹಿಡಿದಿದ್ದಾರೆ. ಚರಿತೆಗಳ ದೋಷ ಅವುಗಳ ಸುಳ್ಳುಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಸಿದ್ಧವಾಗದ ವ್ಯಾಪ್ತಿಯಲ್ಲಿದೆಯೆಂಬುದು ನಮ್ಮ ಅಭಿಪ್ರಾಯ. ಸುಳ್ಳನ್ನು ದಾಖಲೆ ತಿದ್ದಬಲ್ಲುದು. ಈ ವ್ಯಾಪ್ತಿಯನ್ನು ತಿದ್ದಲಾರದು.

ಚಿತ್ರವನ್ನೇ ನೋಡೋಣ. ಫ್ಲಾರೆನ್ಸಿನ ಸಂತ ಅಪೊಲೊನಿಯ ಕನ್ಯಾಮಠದ ಭೋಜನಶಾಲೆಯಲ್ಲಿ ಕಸ್ತಾನ್ಯೊ 1447ರಲ್ಲಿ ಯೇಸುವಿನ ಕಡೆಯ ಭೋಜನವನ್ನು ಬರೆದಿದ್ದಾನೆ. ಶಿಷ್ಯರು ಕಡೆದ ವಿಗ್ರಹಗಳಂತೆ ಕುಳಿತಿದ್ದಾರೆ. ಯೂದನೊಬ್ಬನೇ ಮೇಜಿನ ಈಚೆಗೆ. ಅವರ ಹಿಂದಿನ ಗೋಡೆಯಲ್ಲಿ ಅಮೃತಶಿಲೆಯ ಹಲಗೆಗಳು. ಯೇಸು ಮತ್ತು ಯೂದರ ತಲೆಯ ಮೇಲಿನ ಹಲಗೆಯಲ್ಲಿ ಮಾತ್ರ ಕಲ್ಲಿನ ಗೆರೆಗಳು ಬಿರುಗಾಳಿಗೆ ಸಿಕ್ಕಂತೆ ಹೊರಳಾಡುತ್ತವೆ. ಮುಖಗಳು ತಡೆದುಕೊಂಡ ಕ್ಷೋಭೆಯನ್ನು ಕಲ್ಲು ಹೊರಗೆಡಹುತ್ತದೆ. ಈ ಗಡಸುತನ ಲೆಕ್ಕಹಾಕಿ ಆರಿಸಿಕೊಂಡ ಸಾಧನವೆಂಬುದು ಕಣ್ಣಿಟ್ಟು ನೋಡಿದವರಿಗೆ ಗೊತ್ತಾಗುತ್ತದೆ. ಕೊಲೆಗಡುಕನನ್ನು ಹುಡುಕುತ್ತ ನೋಡುವವನಿಗೆ ಈ ಹಲಗೆ ಕಾಣುವುದಿಲ್ಲ.

ಕಾರವಾಜ್ಜೊನ ವಿಷಯ ಇದಕ್ಕಿಂತ ತೊಡಕಿನದು, ಏಕೆಂದರೆ ಆತನ ಹಿಂಸೆ ಕಟ್ಟುಕಥೆಯಲ್ಲ. 1606ರಲ್ಲಿ ಆತ ರೋಮಿನಲ್ಲಿ ಒಬ್ಬನನ್ನು ಕೊಂದು ಓಡಿಹೋದದ್ದು ನಿಜ. 1610ರಲ್ಲಿ ಪೋರ್ತೊ ಎರ್ಕೊಲೆಯಲ್ಲಿ ಸತ್ತದ್ದೂ ನಿಜ. ಆದರೆ ಆತನ ಚರಿತೆಯನ್ನು 1642ರಲ್ಲಿ ಪ್ರಕಟಿಸಿದ ಜೊವಾನ್ನಿ ಬಾಲ್ಯೊನೆ, 1603ರಲ್ಲಿ ತನ್ನನ್ನು ಹೀಯಾಳಿಸುವ ಪದ್ಯಗಳನ್ನು ಹರಡಿದನೆಂದು ಅದೇ ಕಾರವಾಜ್ಜೊನ ಮೇಲೆ ಮೊಕದ್ದಮೆ ಹೂಡಿದ್ದವನು. ಫಿರ್ಯಾದಿಯೇ ಚರಿತ್ರಕಾರನಾದರೆ ತೀರ್ಪು ಯಾವ ಕಡೆಗೆ ವಾಲುವುದೆಂದು ಹೇಳಬೇಕಾಗಿಲ್ಲ. ಕೆಟ್ಟದಾಗಿ ಬಾಳಿದವನು ಕೆಟ್ಟದಾಗಿಯೇ ಸತ್ತನೆಂಬುದು ಅವನ ಉಪಸಂಹಾರದ ಧೋರಣೆ. 1672ರ ಬೆಲ್ಲೊರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಕಾರವಾಜ್ಜೊನ ಮೈಬಣ್ಣ ಕಪ್ಪು, ಕಣ್ಣು ಕಪ್ಪು, ಕೂದಲು ಕಪ್ಪು. ಆದುದರಿಂದ ಆತನ ಚಿತ್ರಗಳೂ ಕಪ್ಪಾದುವು! ನಾವು ಮೇಲೆ ಹೇಳಿದ ವ್ಯಾಪ್ತಿ ತನ್ನ ಅಸಂಬದ್ಧತೆಯನ್ನು ತಾನೇ ಇಷ್ಟು ಬತ್ತಲೆಯಾಗಿ ತೋರಿಸಿಕೊಂಡ ಸ್ಥಳ ವಿರಳ.

ಇಂದಿನವರು ಬೆಲ್ಲೊರಿಯನ್ನು ನಂಬುವುದಿಲ್ಲ; ಪೊಲೀಸು ದಾಖಲೆಗಳನ್ನು ನಂಬುತ್ತಾರೆ. ಊಟದ ಮನೆಯ ಪರಿಚಾರಕನ ಮೇಲೆ ಆತ ತಟ್ಟೆಯನ್ನೆಸೆದ 1604ರ ಪ್ರಸಂಗ ಅಲ್ಲಿ ದೊರೆಯುತ್ತದೆ. ಆದರೆ ಪೊಲೀಸರು ಬರೆದಿಡುವುದು ಜಗಳವಾದ ದಿನವನ್ನು. ಬೆಳಗಿನಿಂದ ಸಂಜೆಯವರೆಗೆ ಒಬ್ಬನು ಚಿತ್ರದ ಮುಂದೆ ನಿಂತಿದ್ದ ದಿನವನ್ನು ಯಾವ ಠಾಣೆಯೂ ದಾಖಲಿಸುವುದಿಲ್ಲ. ದಾಖಲೆ ಸುಳ್ಳಾಡದಿದ್ದರೂ ತನಗೆ ಬೇಕಾದುದನ್ನು ಮಾತ್ರ ಆಡುತ್ತದೆ.

ಈ ಮಾತಿಗೆ ಅತ್ಯಂತ ನೋವಿನ ನಿದರ್ಶನ ಆರ್ಟೆಮಿಸಿಯಾ ಜೆಂಟಿಲೆಸ್ಕಿಯ ಬಾಳು. 1593ರಲ್ಲಿ ರೋಮಿನಲ್ಲಿ ಹುಟ್ಟಿದ ಈಕೆಯ ಮೇಲೆ 1611ರಲ್ಲಿ ಆಗೊಸ್ತೀನೊ ತಾಸ್ಸಿ ಎಂಬ ಚಿತ್ರಕಾರನು ಅತ್ಯಾಚಾರವೆಸಗಿದನು. ಮರುವರ್ಷದ ವಿಚಾರಣೆಯಲ್ಲಿ, ನಿಜ ಹೇಳುತ್ತಿರುವಳೆಂಬುದರ ಪರೀಕ್ಷೆಗಾಗಿ, ಈಕೆಯ ಬೆರಳುಗಳಿಗೇ ಹಗ್ಗ ಬಿಗಿದು ಹಿಂಸಿಸಿದರು. ಆ ವಿಚಾರಣೆಯ ಕಡತ ಉಳಿದಿದೆ. ಆಕೆಯ ಪ್ರಸಿದ್ಧ ಚಿತ್ರದಲ್ಲಿ ಯೂದಿತ್ ಎಂಬ ಯೆಹೂದಿ ವಿಧವೆ ಶತ್ರುಸೇನಾಪತಿ ಹೊಲೊಫರ್ನೆಸನ ಕತ್ತು ಕೊಯ್ಯುತ್ತಾಳೆ. ಕಡತವನ್ನೂ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು, ಚಿತ್ರವೆಂದರೆ ಸೇಡು ಎಂದು ಓದುವುದು ಈಗ ವಾಡಿಕೆ. ಓದುವವರ ಸಹಾನುಭೂತಿ ನಿಜವಾದದ್ದೇ. ಆದರೆ ತರ್ಕ ಅದೇ ಹಳೆಯದು. ಸ್ನಾನಕ್ಕೆ ಕುಳಿತ ಸುಸನ್ನಳನ್ನು ಇಬ್ಬರು ಹಿರಿಯರು ಪೀಡಿಸುವ ಚಿತ್ರದಲ್ಲಿ ಆ ಹೆಣ್ಣಿನ ಸಂಕಟ ಮೈಯೆಲ್ಲ ಹಿಂಡಿದಂತೆ ಮೂಡಿದೆ. ಅದರ ಮೇಲಿರುವ ಅಂಕಿತದ ವರ್ಷ 1610, ಅತ್ಯಾಚಾರಕ್ಕೆ ಹಿಂದಿನದು. ಆ ಶಕ್ತಿ ಮೊದಲೇ ಆಕೆಯಲ್ಲಿತ್ತು. ಅದನ್ನು ತಾಸ್ಸಿಯ ದುಷ್ಕೃತ್ಯದ ಲೆಕ್ಕಕ್ಕೆ ಬರೆಯುವುದು ಆಕೆಗೆ ಮಾಡುವ ಎರಡನೆಯ ಅನ್ಯಾಯ.

ಯೂದಿತ್ ಚಿತ್ರವನ್ನು ಕಾರವಾಜ್ಜೊ ಬರೆದ ಅದೇ ವಸ್ತುವಿನ ಚಿತ್ರದೊಡನೆ ಹೋಲಿಸಿದರೆ ಹೆಚ್ಚಿನ ಸತ್ಯ ತಿಳಿಯುತ್ತದೆ. ಕಾರವಾಜ್ಜೊನಲ್ಲಿ ದಾಸಿ ಮುದುಕಿ. ತಲೆಯನ್ನು ತುಂಬಿಕೊಳ್ಳಲು ಬಟ್ಟೆ ಹಿಡಿದು ಪಕ್ಕದಲ್ಲಿ ಕಾಯುತ್ತಾಳೆ. ಯೂದಿತ್ ಮೈಯನ್ನು ಹಿಂದಕ್ಕೆ ಸೆಳೆದುಕೊಂಡು ಕತ್ತಿಯಾಡಿಸುತ್ತಾಳೆ. ಆರ್ಟೆಮಿಸಿಯಾಳಲ್ಲಿ ದಾಸಿ ತರುಣಿ. ತನ್ನ ತೂಕವನ್ನೆಲ್ಲ ಹೇರಿ ಆ ಗಂಡಸನ್ನು ಅದುಮಿ ಹಿಡಿದಿದ್ದಾಳೆ. ಇಬ್ಬರು ಹೆಂಗಸರ ಕೈಗಳು ಒಂದೇ ಕೆಲಸದಲ್ಲಿ ತೊಡಗಿವೆ. ಪೂರ್ವದ ಚಿತ್ರಕಾರನಿಗೆ ಕೊಟ್ಟ ಉತ್ತರವಿದು, ಕಸುಬು ಬಲ್ಲವಳ ಉತ್ತರ. 1616ರಲ್ಲಿ ಫ್ಲಾರೆನ್ಸಿನ ಆ ಅಕಾಡೆಮಿ ಮೊದಲ ಬಾರಿಗೆ ಒಬ್ಬ ಸ್ತ್ರೀಯನ್ನು ಸೇರಿಸಿಕೊಂಡಾಗ ಆ ಸ್ಥಾನ ಪಡೆದವಳು ಈಕೆ. 1649ರಲ್ಲಿ ಮೆಸ್ಸೀನದ ಶ್ರೀಮಂತ ರುಫ್ಫೊನಿಗೆ ಬರೆದ ಕಾಗದಗಳಲ್ಲಿ ಆಕೆ ತನ್ನ ಚಿತ್ರಗಳ ಬೆಲೆಗಾಗಿ ಪಟ್ಟುಹಿಡಿದು ವಾದಿಸುತ್ತಾಳೆ. ಈ ದಾಖಲೆಗಳೂ ಉಳಿದಿವೆ; ಆದರೆ ಇವುಗಳಿಂದ ಕಥೆ ಕಟ್ಟುವವರು ಕಡಿಮೆ.

ಸಂಗೀತಕ್ಕೆ ಬಂದರೆ ಇದೇ ವ್ಯಾಪ್ತಿಯ ಪೊಳ್ಳುತನ ಇನ್ನೂ ಸ್ಪಷ್ಟವಾಗುತ್ತದೆ. ಕುರಿಗಾಹಿ ಹುಡುಗನ ಸ್ಥಾನದಲ್ಲಿ ಇಲ್ಲಿ ರಾತ್ರಿ ಕದ್ದು ಕಲಿಯುವ ಹುಡುಗನಿದ್ದಾನೆ. ಮೇನ್‌ವಾರಿಂಗ್ 1760ರಲ್ಲಿ ಬರೆದ ಹ್ಯಾಂಡೆಲನ ಚರಿತೆಯಲ್ಲಿ, ಬಾಲಕನು ತಂದೆಗೆ ತಿಳಿಯದಂತೆ ಮನೆಯ ಮೇಲಂತಸ್ತಿನಲ್ಲಿ ವಾದ್ಯವನ್ನಿಟ್ಟುಕೊಂಡು ಎಲ್ಲರೂ ಮಲಗಿದ ಮೇಲೆ ನುಡಿಸುತ್ತಾನೆ. 1754ರಲ್ಲಿ ಅಚ್ಚಾದ ಬಾಖನ ಮರಣಲೇಖನದಲ್ಲಿ, ಬಾಲಕನು ಅಣ್ಣ ಬಚ್ಚಿಟ್ಟ ಸಂಗೀತದ ಹಸ್ತಪ್ರತಿಯನ್ನು ಆರು ತಿಂಗಳು ಬೆಳುದಿಂಗಳಿನಲ್ಲಿ ನಕಲುಮಾಡುತ್ತಾನೆ. ಇವುಗಳನ್ನು ಬರಿಯ ಕಥೆಗಳೆಂದು ತಳ್ಳಿಹಾಕುವುದಕ್ಕೂ ಅವಸರ ಸಲ್ಲದು. ಬಾಖನು ಹದಿಹರೆಯದಲ್ಲಿ ಬುಕ್ಸ್ಟಹೂಡೆ ಮತ್ತು ರೈನ್ಕೆನರ ಆರ್ಗನ್ ಕೃತಿಗಳನ್ನು ಸ್ವಂತ ಕೈಯಿಂದ ನಕಲುಮಾಡಿದ ಹಾಳೆಗಳು ವೈಮಾರಿನ ಗ್ರಂಥಾಲಯದಲ್ಲಿ ದೊರೆತುವೆಂದು 2006ರಲ್ಲಿ ಪ್ರಕಟವಾಯಿತು. ಬೆಳುದಿಂಗಳು ಇದ್ದಿತೋ ಇಲ್ಲವೋ, ನಕಲುಮಾಡಿದ ಕೈಯಂತೂ ಇತ್ತು.

ಆದರೆ ಬಾಖನ ಬಾಳಿನಿಂದ ಬಾಖನ ಸಂಗೀತವನ್ನು ಊಹಿಸಲು ಹೊರಟರೆ ಆಗುವುದೇನು? ಲೈಪ್‌ಜಿಗ್‌ನಿಂದ ಆತ ಗೆಳೆಯ ಎರ್ಡ್‌ಮನ್ನನಿಗೆ ಬರೆದ 1730ರ ಕಾಗದವೊಂದಿದೆ. ವರಮಾನ ಸುಮಾರು 700 ಟಾಲರ್. ಊರಿನಲ್ಲಿ ಸಾವು ಹೆಚ್ಚಿದರೆ ಶವಸಂಸ್ಕಾರದ ಸಂಗೀತದಿಂದ ಸಂಪಾದನೆ ಹೆಚ್ಚು. ಹಿಂದಿನ ವರ್ಷ ಗಾಳಿ ಆರೋಗ್ಯಕರವಾಗಿದ್ದುದರಿಂದ 100 ಟಾಲರಿಗೂ ಮೇಲ್ಪಟ್ಟು ನಷ್ಟ. ಇದು ಅದರ ಧಾಟಿ. ಮರಣದ ಎದುರಿನಲ್ಲಿ ಮನುಷ್ಯನ ದುಃಖವನ್ನು ಅಷ್ಟು ಆಳವಾಗಿ ನುಡಿಸುವ ‘ಸಂತ ಮ್ಯಾಥ್ಯೂ ಪ್ಯಾಶನ್’ ಮೊದಲು ಹಾಡಲ್ಪಟ್ಟದ್ದು 1727ರಲ್ಲಿ, ಅದೇ ಊರಿನಲ್ಲಿ. ಎರಡನ್ನೂ ಬರೆದ ಕೈ ಒಂದೇ. ಕಾಗದದಿಂದ ಪ್ಯಾಶನ್ನಿಗಾಗಲಿ ಪ್ಯಾಶನ್ನಿನಿಂದ ಕಾಗದಕ್ಕಾಗಲಿ ದಾರಿಯಿಲ್ಲ. ದೊಡ್ಡ ಸಂಸಾರವನ್ನು ಸಾಕಬೇಕಾಗಿದ್ದವನ ಲೆಕ್ಕಾಚಾರವನ್ನು ಕ್ಷುದ್ರವೆಂದು ಹಳಿಯುವುದೂ ತಪ್ಪು. ಅದು ಇಲ್ಲವೆಂಬಂತೆ ಮುಚ್ಚಿಡುವುದೂ ತಪ್ಪು.

ಹಾಗಾದರೆ ಚರಿತೆ ವಿಮರ್ಶೆಗೆ ನಿಷ್ಪ್ರಯೋಜಕವೇ? ಹಾಗೆ ನಾವು ಹೇಳುವುದಿಲ್ಲ. ಬಾಖನು 1730ರಲ್ಲಿಯೇ ನಗರಸಭೆಗೆ ಒಂದು ಬಿನ್ನವತ್ತಳೆಯನ್ನು ಸಲ್ಲಿಸಿ, ಪ್ರತಿಯೊಂದು ಮೇಳಕ್ಕೂ ಕಡೆಯಪಕ್ಷ 12 ಮಂದಿ ಗಾಯಕರು ಬೇಕು, 16 ಮಂದಿ ಇದ್ದರೆ ಮೇಲು ಎಂದು ಕೇಳಿಕೊಂಡನು. ಆತನಿಗೆ ಎಂಥ ಧ್ವನಿಮೇಳ ಬೇಕಾಗಿತ್ತೆಂಬುದನ್ನು ಇದು ತಿಳಿಸುತ್ತದೆ. ಕಸ್ತಾನ್ಯೊನ ಚಿತ್ರ ಸಂನ್ಯಾಸಿನಿಯರು ಉಣ್ಣುವ ಕೋಣೆಯಲ್ಲಿದೆಯೆಂಬುದು ತಿಳಿದರೆ ಅದರ ವಸ್ತುವಿನ ಔಚಿತ್ಯ ತಿಳಿಯುತ್ತದೆ. ಕೃತಿ ಯಾವ ಕಟ್ಟುಪಾಡುಗಳೊಳಗೆ ಹುಟ್ಟಿತೆಂಬುದನ್ನು ಚರಿತೆ ಹೇಳಬಲ್ಲುದು. ಆ ಕಟ್ಟುಪಾಡುಗಳೊಳಗೆ ಅದು ಏನಾಯಿತೆಂಬುದನ್ನು ಕೃತಿಯೇ ಹೇಳಬೇಕು.

ಆದಕಾರಣ ಬೋಧಿಸುವವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಕಥೆಯನ್ನು ಬಿಡಬೇಕಾಗಿಲ್ಲ, ಅದನ್ನು ಹೇಳಿದವನ ಹೆಸರನ್ನೂ, ಅವನು ಹೇಳಿದ ವರ್ಷವನ್ನೂ, ಅವನಿಗೆ ಅದರಿಂದ ಏನಾಗಬೇಕಾಗಿತ್ತೆಂಬುದನ್ನೂ ಕಥೆಯೊಡನೆ ಹೇಳಬೇಕು. ವಿದ್ಯಾರ್ಥಿಗೆ ಮೊದಲು ಚಿತ್ರವನ್ನು ತೋರಿಸಿ, ಸಂಗೀತವನ್ನು ಕೇಳಿಸಿ, ಅವನು ಕಂಡುದನ್ನೂ ಕೇಳಿದುದನ್ನೂ ಅವನ ಬಾಯಿಂದ ಹೊರಡಿಸಿ, ಅನಂತರ ಚರಿತೆಯನ್ನು ತೆರೆಯುವುದು ಮೇಲು. ಕಸ್ತಾನ್ಯೊನಿಗೆ ಅಂಟಿದ್ದ ಕೊಲೆಯ ಕಳಂಕವನ್ನು ತೊಳೆಯಲು ಫ್ಲಾರೆನ್ಸಿನ ದಾಖಲೆಗಳು ಬೇಕಾದುವು. ಆತನ ಅಮೃತಶಿಲೆಯ ಹಲಗೆಯನ್ನು ಕಾಣಲು ಕಣ್ಣು ಸಾಕು.