ಶರೀಫರ ಪದಗಳಲ್ಲಿ ನನ್ನ ಮೂರು ಆಯ್ಕೆಗಳು

ಶಿಶುನಾಳ ಶರೀಫರು (1819–1889) ಪದಗಳನ್ನು ತಾವೇ ಕಟ್ಟಿ ತಾವೇ ಹಾಡಿದ ಅನುಭಾವಿಗಳು. ಆ ಪದಗಳು ಬಹುಕಾಲ ಭಜನಾಮೇಳಗಳ ಕಂಠದಲ್ಲಿ ಉಳಿದು ಅನಂತರ ಗ್ರಂಥರೂಪಕ್ಕೆ ಬಂದವು. ಸಿ. ಅಶ್ವಥ್ ಅವರ ಗಾಯನದಿಂದಲೂ, 1990ರಲ್ಲಿ ತೆರೆಕಂಡ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದಿಂದಲೂ ಅವುಗಳಲ್ಲಿ ಕೆಲವು ಮನೆಮನೆಯ ಹಾಡುಗಳಾದವು. ಈ ಉಪಕಾರ ದೊಡ್ಡದು. ಆದರೆ ಇದರಿಂದ ಒಂದು ತೊಡಕೂ ಉಂಟಾಗಿದೆ. ಮೆಚ್ಚಿನ ಪದ ಯಾವುದೆಂದು ಕೇಳಿದರೆ ನಾವು ಧಾಟಿಯನ್ನು ನೆನೆದು ಉತ್ತರಿಸುತ್ತೇವೆ. ಪಂಡಿತರಾದರೋ ಯೋಗಪರಿಭಾಷೆ ತುಂಬಿದ ಪದಗಳನ್ನೇ ಶ್ರೇಷ್ಠವೆಂದು ಎತ್ತಿಹಿಡಿಯುವುದುಂಟು. ಧಾಟಿಯನ್ನು ಬದಿಗಿಟ್ಟು, ಪರಿಭಾಷೆಗೂ ಮಾರುಹೋಗದೆ, ಪದವನ್ನು ಪದವಾಗಿಯೇ ಓದಿದರೆ ಮನಸ್ಸಿನಲ್ಲಿ ನಿಲ್ಲುವವು ಯಾವುವು? ತತ್ತ್ವವನ್ನು ಹೇಳಿದ ಮೇಲೂ ಯಾವ ಪದದಲ್ಲಿ ವಸ್ತು ವಸ್ತುವಾಗಿಯೇ ಉಳಿಯುವುದೋ ಅದೇ ಉತ್ತಮವೆಂಬುದು ನನ್ನ ಒರೆಗಲ್ಲು.

ಮೊದಲನೆಯದು ಸೋರುವ ಮಾಳಿಗೆಯ ಪದ. ಸೋರಿಕೆಗೆ ಅಜ್ಞಾನವೇ ಕಾರಣವೆಂದು ಕವಿ ಆರಂಭದಲ್ಲಿಯೇ ಹೇಳಿಬಿಡುತ್ತಾರೆ, ಒಗಟನ್ನು ಉಳಿಸುವುದಿಲ್ಲ. ಆದರೂ ಪದ ಅಲ್ಲಿಗೆ ಮುಗಿಯದು. ಮುರುಕು ತೊಲೆ, ಹುಳುಕು ಜಂತಿ, ಕತ್ತಲಲ್ಲಿ ಮೇಲೇರಲಾರದ ಜೀವ, ಇವು ಮಳೆಗಾಲದಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ ಇರುಳು ಕಳೆದವರ ನಿಜವಾದ ಕಷ್ಟಗಳು. ಆ ಕಷ್ಟ ನಿಜವಾದುದರಿಂದಲೇ ಅಜ್ಞಾನವೂ ಶಾಸ್ತ್ರದ ಶಬ್ದವಾಗಿರದೆ ನಮ್ಮ ತಲೆಯ ಮೇಲೆ ತೊಟ್ಟಿಕ್ಕುತ್ತದೆ.

ಎರಡನೆಯದು ತಂಬೂರಿಯ ಪದ. ಸ್ವರವರಿಯದೆ ನುಡಿಸಬೇಡವೆಂಬ ಗದರಿಕೆ ಇದರ ತಿರುಳು. ತಂಬೂರಿಯನ್ನು ದೇಹವೆಂದು ಅರ್ಥೈಸುವುದು ವಾಡಿಕೆ. ಅದು ಸರಿಯೂ ಹೌದು. ಆದರೆ ತಂಬೂರಿ ಹಿಡಿದು ಹಾಡುವವರಿಗೆ ಆ ಮಾತು ನೇರವಾಗಿಯೇ ತಾಗುತ್ತದೆ. ಪದ ಕಟ್ಟುವವನೇ ಇಂಥ ಮಾತನ್ನು ಹಾಡುವಾಗ ಆ ಎಚ್ಚರಿಕೆ ಅವನನ್ನೂ ಬಿಡುವುದಿಲ್ಲ.

ಮೂರನೆಯದು ಅಳುವ ತಂಗಿಯನ್ನು ಸಂತೈಸುವ ಪದ. ಕಳುಹಿಸಲು ಬಂದವರಾರೂ ಉಳಿಸಿಕೊಳ್ಳಲಾರರೆಂಬ ಮಾತು ಗಂಡನ ಮನೆಗೆ ಹೊರಟ ಮದುಮಗಳಿಗೂ ಸಲ್ಲುತ್ತದೆ, ಲೋಕವನ್ನು ಬಿಟ್ಟು ಹೊರಟ ಜೀವಕ್ಕೂ ಸಲ್ಲುತ್ತದೆ. ಒಂದು ಅರ್ಥ ಇನ್ನೊಂದನ್ನು ನುಂಗುವುದಿಲ್ಲ. ವ್ಯಾಖ್ಯಾನಕಾರರು ಮರಣದ ಅರ್ಥವನ್ನಷ್ಟೇ ಹಿಡಿದರೆ ಆ ಹೆಣ್ಣುಮಗಳ ಕಣ್ಣೀರಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಮೂರರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾಗಿ ಬಂದರೆ ನಾನು ಉಳಿಸಿಕೊಳ್ಳುವುದು ಇದನ್ನೇ.

ಕೋಡಗವನ್ನು ಕೋಳಿ ನುಂಗಿದ ಜನಪ್ರಿಯ ಪದವನ್ನು ಏಕೆ ಬಿಟ್ಟಿರೆಂದು ಸಹೃದಯರು ಕೇಳಬಹುದು. ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ಬಲ್ಲವರಿಗೆ ಅದರ ಜಾಡು ಹೊಸದೇನಲ್ಲ. ನುಂಗುವ ಚಮತ್ಕಾರ ಸಾಲುಸಾಲಾಗಿ ಬೆಳೆದು, ಕೊನೆಗೆ ಗುರು ಗೋವಿಂದಭಟ್ಟರ ಪಾದವೇ ಆತ್ಮವನ್ನು ನುಂಗಿದಾಗ ಪದ ಧನ್ಯವಾಗುತ್ತದೆ. ಆದರೆ ನಾವು ಕೇಳಿ ನಗುವುದು ಮೊದಲಿನ ಸಾಲುಗಳಿಗೆ. ಅಂತ್ಯದವರೆಗೆ ನಮ್ಮ ಲಕ್ಷ್ಯ ಉಳಿಯುವುದಿಲ್ಲ. ಇದು ಪದದ ದೋಷವೆನ್ನುವುದಕ್ಕಿಂತ ಅದರ ಪ್ರಸಿದ್ಧಿಯ ದೋಷವೆನ್ನಬೇಕು.

ಮಹಮ್ಮದೀಯ ಶಿಷ್ಯನನ್ನು ಬ್ರಾಹ್ಮಣ ಗುರುವೊಬ್ಬರು ಒಪ್ಪಿಕೊಂಡ ಸಂಗತಿಯನ್ನು ನಾವು ಸಭೆಗಳಲ್ಲಿ ಕೊಂಡಾಡುತ್ತೇವೆ, ಕೊಂಡಾಡುವುದು ಉಚಿತವೇ. ಆದರೆ ಶರೀಫರನ್ನು ಭಾವೈಕ್ಯದ ನಿದರ್ಶನವಾಗಿ ಮಾತ್ರ ಕಂಡರೆ ಕವಿ ಮರೆಯಾಗುತ್ತಾರೆ. ಓದುಗರು ತಮ್ಮ ಮೂರು ಪದಗಳನ್ನು ತಾವೇ ಆರಿಸಿಕೊಳ್ಳಲಿ. ಆ ಪಟ್ಟಿ ನನ್ನದಕ್ಕಿಂತ ಬೇರೆಯಾದರೂ ಚಿಂತೆಯಿಲ್ಲ. ಧಾಟಿಯಿಲ್ಲದೆ ಒಮ್ಮೆ ಮೆಲ್ಲನೆ ಓದಿ ಆರಿಸಿದ್ದಾದರೆ ಸಾಕು.